ನೋಡುವ ಮೊದಲು ಏನು ಓದಬೇಕು, ಏನು ಓದಬಾರದು: ಜಗತ್ತಿನ ಹಳೆಯ ಚಿತ್ರಗಳಿಗೊಂದು ತಯಾರಿ

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977) ಪೋಲೆಂಡಿನವನೊಬ್ಬ ನೋಡುತ್ತಿದ್ದಾನೆ ಎಂದುಕೊಳ್ಳಿ. ವಿಧವೆ ಬಸುರಿಯಾದದ್ದು, ಊರು ತಿರುಗಿಬಿದ್ದದ್ದು ಅವನಿಗೆ ಅರ್ಥವಾಗುತ್ತದೆ. ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವುದೆಂದರೆ ಏನು, ತಲೆ ಬೋಳಿಸುವುದು ಯಾಕೆ, ಅಗ್ರಹಾರದಿಂದ ಹೊರಬಿದ್ದವಳಿಗೆ ಹೋಗಲು ಎಲ್ಲಿ ಜಾಗ, ಇವನ್ನು ಸಬ್‌ಟೈಟಲ್ ಹೇಳುವುದಿಲ್ಲ. ಅವನಿಗೆ ಚಿತ್ರದ ವಿಮರ್ಶೆ ಕೊಟ್ಟು ಉಪಯೋಗವಿಲ್ಲ. ಈ ಮೂರು ಪ್ರಶ್ನೆಗಳ ಬಗ್ಗೆ ಎರಡು ಪುಟ ಕೊಟ್ಟರೆ ಸಾಕು.

ಪೋಲೆಂಡಿನ ಆಂದ್ರೇ ವಾಯ್ದಾ ಅವರ 'ಆಶಸ್ ಅಂಡ್ ಡೈಮಂಡ್ಸ್' (1958) ನೋಡುವಾಗ ಕನ್ನಡಿಗರ ಸ್ಥಿತಿಯೂ ಅದೇ. ನಾಯಕ ಮಾಚೆಕ್ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡಿರುತ್ತಾನೆ. ಸ್ಟೈಲು ಎಂದುಕೊಂಡು ಮುಂದೆ ಹೋಗಿಬಿಡಬಹುದು. 1944ರ ಆಗಸ್ಟ್ 1ರಿಂದ 63 ದಿನ ನಡೆದ ವಾರ್ಸಾ ದಂಗೆಯಲ್ಲಿ ಹೋಮ್ ಆರ್ಮಿಯ (ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡಿದ ಪೋಲಿಶ್ ಸೇನೆ) ಹುಡುಗರು ನಗರದ ಚರಂಡಿಗಳೊಳಗೆ ಓಡಾಡಿದರು ಎಂಬುದನ್ನು ಓದಿಕೊಂಡವರಿಗೆ ಆ ಕನ್ನಡಕದ ಬಗ್ಗೆ ಅವನಾಡುವ ಒಂದೇ ಮಾತು ಸಾಕಾಗುತ್ತದೆ. ಅವನು ಸ್ಪಿರಿಟ್ ತುಂಬಿದ ಗ್ಲಾಸುಗಳಿಗೆ ಒಂದೊಂದಾಗಿ ಬೆಂಕಿ ಹಚ್ಚುವಾಗ ಅವು ಯಾರ ಹೆಸರಿನ ದೀಪಗಳು ಎಂಬುದೂ ತಿಳಿಯುತ್ತದೆ.

ಮುಂಬಯಿ, ಪುಣೆ, ಗೋವೆಯ ಕನ್ನಡಿಗರಿಗಾಗಿ ಬರೆದ ಈ ಲೇಖನದ ಕ್ರಮ ಇಷ್ಟೇ: ಚಿತ್ರದ ದೇಶ ಮತ್ತು ಕಾಲದ ಬಗ್ಗೆ ನೋಡುವ ಮೊದಲು ಓದಿ, ಚಿತ್ರದ ಬಗ್ಗೆ ಬರೆದದ್ದನ್ನು ನೋಡಿದ ಮೇಲೆ ಓದಿ. ಬಹಳ ಜನ ಇದನ್ನು ತಿರುಗಿಸಿ ಮಾಡುತ್ತಾರೆ. ಮೊದಲು ನಾಲ್ಕು ವಿಮರ್ಶೆ, ಎರಡು ಯೂಟ್ಯೂಬ್ ವಿವರಣೆ, ಆಮೇಲೆ ಚಿತ್ರ. ಪರದೆಯ ಮೇಲೆ ಅವರಿಗೆ ಕಾಣುವುದು ಆ ವಿಮರ್ಶಕರು ಕಂಡದ್ದು ಮಾತ್ರ.

ಮೊದಲು ನಮ್ಮದೇ ಚಿತ್ರದ ಮೇಲೆ ಅಭ್ಯಾಸ

ವಿದೇಶಿ ಚಿತ್ರಕ್ಕೆ ಕೈ ಹಾಕುವ ಮೊದಲು ಒಂದು ಸಂಜೆ ಕೂತು, ಕನ್ನಡ ಬಾರದ, ಭಾರತ ನೋಡದ ಒಬ್ಬರಿಗಾಗಿ 'ಘಟಶ್ರಾದ್ಧ'ಕ್ಕೋ 'ಸಂಸ್ಕಾರ'ಕ್ಕೋ (1970) ಒಂದು ಪುಟದ ಟಿಪ್ಪಣಿ ಬರೆಯಿರಿ. 250 ಪದ ಮೀರಬಾರದು, ಕಥೆ ಹೇಳಬಾರದು. 'ಸಂಸ್ಕಾರ'ವಾದರೆ ಮಾಧ್ವ ಬ್ರಾಹ್ಮಣರ ಅಗ್ರಹಾರ, ಹೆಣ ಎತ್ತುವವರೆಗೆ ಯಾರೂ ಊಟ ಮಾಡದಿರುವುದು, ಪ್ಲೇಗ್, ನಾರಣಪ್ಪ ಮುರಿದ ಕಟ್ಟಳೆಗಳು ಇಷ್ಟನ್ನು ಬರೆಯಬೇಕಾಗುತ್ತದೆ. ಬರೆದು ಮುಗಿಸಿದಾಗ ಆ ಪುಟ ಧರ್ಮ, ಕುಟುಂಬ, ಹಣ, ಕಾನೂನು ಎಂಬ ನಾಲ್ಕು ಭಾಗಗಳಾಗಿ ತಾನಾಗಿಯೇ ಒಡೆದಿರುವುದು ಕಾಣುತ್ತದೆ. ಯಾವ ದೇಶದ ಚಿತ್ರಕ್ಕೂ ಓದಬೇಕಾದದ್ದು ಹೆಚ್ಚುಕಡಿಮೆ ಈ ನಾಲ್ಕೇ. ಈ ಅಭ್ಯಾಸ ಬಿಟ್ಟು ನೇರವಾಗಿ ಓದಲು ಹೊರಟವರು ಇಟಲಿಯ ಇಡೀ ಇತಿಹಾಸ ಓದಲು ಶುರುಮಾಡಿ ಎರಡನೇ ವಾರ ಕೈಬಿಡುತ್ತಾರೆ.

ಗೊಂಚಲು ಆರಿಸಿಕೊಳ್ಳಿ

'ಸಾರ್ವಕಾಲಿಕ 100 ಶ್ರೇಷ್ಠ ಚಿತ್ರಗಳು' ಎಂಬ ಪಟ್ಟಿ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತ ಹೋಗಬೇಡಿ. ಇಂದು ಅಮೆರಿಕ, ನಾಳೆ ಜಪಾನ್, ನಾಡಿದ್ದು ರಷ್ಯಾ ಎಂದು ಜಿಗಿದರೆ ಪ್ರತಿ ಚಿತ್ರಕ್ಕೂ ಓದು ಹೊಸದಾಗಿ ಶುರುವಾಗುತ್ತದೆ. ಒಂದೇ ದೇಶ, ಹತ್ತು ವರ್ಷದ ಒಳಗಿನ ಮೂರು ಚಿತ್ರ ತೆಗೆದುಕೊಂಡರೆ ಒಂದೇ ಓದು ಮೂರಕ್ಕೂ ಆಗುತ್ತದೆ.

ಮೊದಲ ಗೊಂಚಲಿಗೆ ಯುದ್ಧಾನಂತರದ ಇಟಲಿಯಷ್ಟು ಅನುಕೂಲವಾದದ್ದು ಬೇರೊಂದಿಲ್ಲ: ರೊಸ್ಸೆಲಿನಿಯ 'ರೋಮ್ ಓಪನ್ ಸಿಟಿ' (1945), ಡಿ ಸಿಕಾನ 'ಬೈಸಿಕಲ್ ಥೀವ್ಸ್' (1948), ಅವನದೇ 'ಉಂಬೆರ್ತೊ ಡಿ' (1952). ಎರಡನೆಯದಕ್ಕೆ ಜಪಾನ್: ಕುರೊಸಾವಾನ 'ರಾಶೊಮೊನ್' (1950), 'ಇಕಿರು' (1952), ಒಜುವಿನ 'ಟೋಕಿಯೋ ಸ್ಟೋರಿ' (1953). ಒಂದು ಗೊಂಚಲಿಗೆ ಆರು ವಾರ ಇಟ್ಟುಕೊಳ್ಳಿ: ಒಂದು ವಾರ ಓದು, ಒಂದು ವಾರ ಚಿತ್ರ, ಹೀಗೆ ಮೂರು ಸಲ. ಮುಂಬಯಿಯ ಕನ್ನಡಿಗರಿಗೆ ಇಟಲಿಯಿಂದ ಶುರುಮಾಡಲು ಇನ್ನೊಂದು ಕಾರಣವಿದೆ. ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರ ಜನವರಿಯಲ್ಲಿ ಶುರುವಾದದ್ದು ಬೊಂಬಾಯಿಯಲ್ಲೇ. 'ಬೈಸಿಕಲ್ ಥೀವ್ಸ್' ಅಲ್ಲಿ ತೋರಿಸಿದ ಚಿತ್ರಗಳಲ್ಲೊಂದು, ಮರುವರ್ಷವೇ ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' ಬಂತು.

ಎರಡು ಇಸವಿ ಬರೆದಿಡಿ

ಅರ್ಧ ಹಾಳೆಯ ಒಂದು ಚೀಟಿ ತೆಗೆದುಕೊಳ್ಳಿ. ಎಡಕ್ಕೆ ಕಥೆ ನಡೆಯುವ ಇಸವಿ, ಬಲಕ್ಕೆ ಚಿತ್ರ ತಯಾರಾದ ಇಸವಿ. ಓದಿನಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲಿ, ಅವರು ಎಡಗಡೆಯದನ್ನು ಮಾತ್ರ ಓದುತ್ತಾರೆ.

'ರಾಶೊಮೊನ್' ಕಥೆ ನಡೆಯುವುದು ಸುಮಾರು ಸಾವಿರ ವರ್ಷ ಹಿಂದಿನ ಹೆಯಾನ್ ಕಾಲದ ಕ್ಯೋಟೊದಲ್ಲಿ. ತಯಾರಾದದ್ದು 1950ರಲ್ಲಿ, ಸೋತ ಜಪಾನ್ ಇನ್ನೂ ಅಮೆರಿಕದ ಸೇನಾಡಳಿತದಲ್ಲಿದ್ದಾಗ. ಅದು ಮುಗಿದದ್ದು 1952ರ ಏಪ್ರಿಲ್‌ನಲ್ಲಿ. ಕುಸಿದುಬಿದ್ದ ಮಹಾದ್ವಾರದ ಕೆಳಗೆ ಮಳೆಯಲ್ಲಿ ಕೂತು ಮನುಷ್ಯರನ್ನು ನಂಬಬಹುದೇ ಎಂದು ಕೇಳುವ ಆ ಮೂವರನ್ನು ಬಲಗಡೆಯ ಇಸವಿ ಹಿಡಿದು ನೋಡಿದರೆ ಚಿತ್ರ ಬೇರೆಯೇ ತೂಕ ಪಡೆಯುತ್ತದೆ. ಐಸೆನ್‌ಸ್ಟೈನ್‌ನ ರಷ್ಯನ್ ಚಿತ್ರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಎಡಕ್ಕೆ 1905, ಬಲಕ್ಕೆ 1925. ರಷ್ಯಾದಲ್ಲಿ 1905ರಲ್ಲಿ ನಡೆದ ದಂಗೆಯ 20ನೇ ವರ್ಷಕ್ಕೆಂದು ಸೋವಿಯತ್ ಸರಕಾರ ಮಾಡಿಸಿದ ಚಿತ್ರ ಅದು. ಒಡೆಸ್ಸಾದ ಮೆಟ್ಟಿಲುಗಳ ಮೇಲಿನ ಹತ್ಯಾಕಾಂಡ ಪರದೆಯಲ್ಲಿ ಕಂಡಂತೆ ನಡೆದದ್ದಲ್ಲ. ಹಾಗಿದ್ದೂ ಅದನ್ನೇ ಇತಿಹಾಸವೆಂದು ನಂಬಿದವರು ಕಡಿಮೆಯಿಲ್ಲ. 'ಆಶಸ್ ಅಂಡ್ ಡೈಮಂಡ್ಸ್' 1945ರ ಮೇ 8ರಂದು ನಡೆಯುತ್ತದೆ, ಕಮ್ಯುನಿಸ್ಟರನ್ನು ಕೊಲ್ಲಲು ಬಂದವನನ್ನೇ ನಾಯಕನಾಗಿಸಲು ಸಾಧ್ಯವಾದದ್ದು 1956ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಆಡಳಿತದ ಬಿಗಿ ಸ್ವಲ್ಪ ಸಡಿಲಾದ ಮೇಲೆ. ಎರಡೂ ಇಸವಿ ಒಂದೇ ಆದ 'ಬೈಸಿಕಲ್ ಥೀವ್ಸ್'ನಂಥ ಚಿತ್ರಕ್ಕೆ ಕೆಲಸ ಅರ್ಧ ಕಡಿಮೆ.

ಎಷ್ಟು ಪುಟ?

ಒಂದು ಚಿತ್ರಕ್ಕೆ 30 ಪುಟ. ಅದಕ್ಕಿಂತ ಹೆಚ್ಚು ಓದಿದರೆ ನೋಡುವಾಗ ಓದಿದ್ದನ್ನು ಹುಡುಕುತ್ತ ಕೂರುತ್ತೀರಿ. ಡೊಂಬಿವಲಿಯಿಂದ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕಡೆ ದಿನಾ ಹೋಗಿಬರುವವರಿಗೆ ಲೋಕಲ್ ರೈಲಿನ ಮೂರು ದಿನದ ಓದು ಇದು, ಸೀಟು ಸಿಕ್ಕರೆ. ನಿಂತೇ ಹೋಗುವವರು ಪುಟಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ವಾಸಿ.

ಆ 30 ಪುಟವನ್ನು 'ಬೈಸಿಕಲ್ ಥೀವ್ಸ್'ಗೆ ಹೀಗೆ ಹಂಚಬಹುದು. ಹತ್ತರಿಂದ ಹದಿನೈದು ಪುಟ 1943ರಿಂದ 1948ರವರೆಗಿನ ಇಟಲಿ: ಮುಸೊಲಿನಿ ಬಿದ್ದದ್ದು, ಜರ್ಮನ್ನರು ರೋಮ್ ಹಿಡಿದದ್ದು ಬಿಟ್ಟದ್ದು, ನಿರುದ್ಯೋಗ, 1948ರ ಏಪ್ರಿಲ್ ಚುನಾವಣೆಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಟರು ಗೆದ್ದು ಎಡಪಕ್ಷಗಳು ಸೋತದ್ದು. ಚಿತ್ರ ತೆರೆಗೆ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ಕಳೆದ ಸೈಕಲ್ ಹುಡುಕುವವನು ಪೊಲೀಸ್ ಠಾಣೆ, ಪಕ್ಷದ ನೆಲಮಾಳಿಗೆ, ಚರ್ಚು, ಕಣಿ ಹೇಳುವವಳ ಮನೆ ಎಂದು ಒಂದೊಂದೇ ಬಾಗಿಲು ತಟ್ಟುತ್ತಾನೆ. ಚುನಾವಣೆಯ ಬಗ್ಗೆ ಓದಿದ್ದರೆ ಆ ಬಾಗಿಲುಗಳು ಯಾಕೆ ಅದೇ ಆಗಿವೆ ಎಂಬುದು ಹೊಳೆಯುತ್ತದೆ. ಐದು ಪುಟ ದಿನಬಳಕೆಯ ವಿಷಯಕ್ಕೆ: ಗಿರವಿ ಅಂಗಡಿ ಹೇಗೆ ನಡೆಯುತ್ತಿತ್ತು, ಮದುವೆಯಲ್ಲಿ ಹೆಂಗಸು ತರುವ ಹಾಸಿಗೆ ಬಟ್ಟೆಗೆ ಮನೆಯಲ್ಲಿ ಏನು ಬೆಲೆ. ಆ ಬಟ್ಟೆಗಳನ್ನು ಅಡ ಇಟ್ಟೇ ಸೈಕಲ್ ಬಿಡಿಸಿಕೊಳ್ಳುವುದು. ಉಳಿದದ್ದು ನಿಯೊರಿಯಲಿಸಂ ಬಗ್ಗೆ ಸಾಮಾನ್ಯ ಪರಿಚಯ: ಸ್ಟುಡಿಯೋ ಬಿಟ್ಟು ಬೀದಿಗೆ ಬಂದದ್ದು, ನಟರಲ್ಲದವರನ್ನು ಬಳಸಿದ್ದು. ನಾಯಕನ ಪಾತ್ರ ಮಾಡಿದ ಲಂಬೆರ್ತೊ ಮಜ್ಜೊರಾನಿ ಕಾರ್ಖಾನೆ ಕೆಲಸಗಾರ.

ಇತಿಹಾಸಕ್ಕೆ ಒಳ್ಳೆಯ ವಿಶ್ವಕೋಶದ ದೇಶವಾರು ಲೇಖನ ಸಾಕು. ಸಿನಿಮಾ ಚಳವಳಿಗಳಿಗೆ ಕ್ರಿಸ್ಟಿನ್ ಥಾಂಪ್ಸನ್ ಮತ್ತು ಡೇವಿಡ್ ಬಾರ್ಡ್‌ವೆಲ್ ಅವರ 'ಫಿಲ್ಮ್ ಹಿಸ್ಟರಿ'ಯ ಆಯಾ ಅಧ್ಯಾಯ ಓದಿ. ಇಡೀ ಪುಸ್ತಕ ಮುಗಿಸುವ ಹಟ ಬೇಡ, ಅದು ದಪ್ಪ ಪಠ್ಯಪುಸ್ತಕ.

ಮೂಲ ಕಥೆ ಓದಬೇಕೆ?

ಸಣ್ಣದಾದರೆ ಓದಿ. 'ರಾಶೊಮೊನ್' ಹಿಂದೆ ಅಕುತಾಗವಾನ ಎರಡು ಸಣ್ಣಕಥೆಗಳಿವೆ, ಎರಡೂ ಸೇರಿ ಅರ್ಧ ಗಂಟೆಯ ಓದು. ಹೆಸರು ಮತ್ತು ಮುರುಕು ದ್ವಾರ 1915ರ 'ರಾಶೊಮೊನ್' ಕಥೆಯದು, ಕೊಲೆಯ ಸಂಗತಿ 1922ರ 'ಇನ್ ಎ ಗ್ರೋವ್'ದು. ಈ ಎರಡನೆಯದರಲ್ಲಿ ಏಳು ಸಾಕ್ಷಿಗಳ ಹೇಳಿಕೆ, ಅಷ್ಟೇ. ಓದಿ ಹೋದವರಿಗೆ ಕುರೊಸಾವಾ ಏನು ಸೇರಿಸಿದ ಎಂಬುದು ಕೂಡಲೇ ಕಾಣುತ್ತದೆ: ಸೌದೆ ಕಡಿಯುವವನು ಎರಡನೇ ಸಲ ಹೇಳುವ ಮಾತು, ಕೊನೆಯ ಮಗು. ಚಿತ್ರದ ಜಗಳವೆಲ್ಲ ಆ ಸೇರ್ಪಡೆಗಳ ಸುತ್ತಲೇ ಇದೆ.

ಕಥೆ ಮೊದಲೇ ಗೊತ್ತಾದರೆ ರುಚಿ ಕೆಡುತ್ತದೆ ಎಂಬ ಭಯ ನಮ್ಮವರಿಗಂತೂ ಇರಬೇಕಾಗಿಲ್ಲ. ಮುಂಬಯಿಯ ಸಭಾಂಗಣದಲ್ಲಿ ಯಕ್ಷಗಾನಕ್ಕೆ ಬಂದು ಕೂರುವವರಿಗೆ ಪ್ರಸಂಗ ಗೊತ್ತೇ ಇರುತ್ತದೆ, ಅವರು ಬರುವುದು ಅರ್ಥಗಾರಿಕೆಗೆ. ಡ್ರೇಯರ್‌ನ 'ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' (1928) ಆ ಬಗೆಯದು. ಫ್ರಾನ್ಸಿನ ಜೋನ್‌ಳ 1431ರ ವಿಚಾರಣೆಯ ದಾಖಲೆಗಳ ಮೇಲೆ ಕಟ್ಟಿದ ಚಿತ್ರ, ಆಕೆಯನ್ನು ಸುಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ನೋಡಬೇಕಾದದ್ದು ಮುಖಗಳನ್ನು. 'ಬೈಸಿಕಲ್ ಥೀವ್ಸ್' ಹಾಗಲ್ಲ. ಅದರ ಕೊನೆಯ ಹತ್ತು ನಿಮಿಷ ಗೊತ್ತಿಲ್ಲದೆ ಹೋದರೇ ಒಳ್ಳೆಯದು. ಮೂಲ ದೊಡ್ಡ ಕಾದಂಬರಿಯಾಗಿದ್ದರೆ ಚಿತ್ರ ನೋಡಿದ ಮೇಲೆ ಓದಿ, ಇಲ್ಲವೇ ಬಿಡಿ.

ಇನ್ನು ಧರ್ಮಗ್ರಂಥ. ಬರ್ಗ್‌ಮನ್, ಬ್ರೆಸ್ಸನ್, ಬುನ್ಯುಯೆಲ್ ಈ ಮೂವರು ನಿರ್ದೇಶಕರ ಚಿತ್ರ ನೋಡಲು ಬೈಬಲ್ಲಿನ ಪರಿಚಯ ಬೇಕು. ಇದನ್ನು ಇಂಗ್ಲಿಷಿನಲ್ಲಿ ಓದುವ ಅಗತ್ಯವೇ ಇಲ್ಲ, ಕನ್ನಡ ಬೈಬಲ್ ಇದೆ. ಬರ್ಗ್‌ಮನ್‌ನ 'ದ ಸೆವೆಂತ್ ಸೀಲ್' (1957) ನೋಡುವ ಮೊದಲು ಪ್ರಕಟನೆ ಗ್ರಂಥದ 8ನೇ ಅಧ್ಯಾಯ ಓದಿ, 13 ವಚನ. ಏಳನೇ ಮುದ್ರೆ ಒಡೆದಾಗ ಪರಲೋಕದಲ್ಲಿ ಅರ್ಧ ಗಂಟೆ ನಿಶ್ಶಬ್ದವಾಯಿತು ಎಂಬ ಸಾಲಿನಿಂದಲೇ ಚಿತ್ರದ ಹೆಸರು. ಬುನ್ಯುಯೆಲ್‌ನ 'ವಿರಿದಿಯಾನಾ' (1961) ನೋಡುವುದಾದರೆ ಯೇಸುವಿನ ಕೊನೆಯ ಭೋಜನದ ಲಿಯೊನಾರ್ಡೊ ವರ್ಣಚಿತ್ರವನ್ನು ಒಮ್ಮೆ ಸರಿಯಾಗಿ ದಿಟ್ಟಿಸಿಕೊಳ್ಳಿ, ಭಿಕ್ಷುಕರ ಊಟದ ದೃಶ್ಯ ಬಂದಾಗ ಬೇಕಾಗುತ್ತದೆ. ಗೋವೆಯಲ್ಲಿರುವ ಕನ್ನಡಿಗರಿಗೆ ಈ ಭಾಗ ಸಲೀಸು. ಪೂಜೆ, ಪಾಪನಿವೇದನೆ, ಪವಿತ್ರ ವಾರದ ಮೆರವಣಿಗೆ ಅವರ ಬೀದಿಯಲ್ಲೇ ನಡೆಯುತ್ತವೆ.

ಕಣ್ಣಿನ ಪಾಠ

ದೇಶ ಕಾಲ ತಿಳಿದವರು ಸಿನಿಮಾ ಭಾಷೆಯನ್ನು ಮರೆತು ಚಿತ್ರವನ್ನು ಇತಿಹಾಸ ಪಾಠದಂತೆ ನೋಡುವ ಅಪಾಯವಿದೆ. ಅದಕ್ಕೆ ಬಾರ್ಡ್‌ವೆಲ್ ಮತ್ತು ಥಾಂಪ್ಸನ್ ಅವರದೇ 'ಫಿಲ್ಮ್ ಆರ್ಟ್' ಪುಸ್ತಕದ ನಾಲ್ಕು ಅಧ್ಯಾಯ ಓದಿ: ದೃಶ್ಯಸಂಯೋಜನೆ, ಛಾಯಾಗ್ರಹಣ, ಸಂಕಲನ, ಧ್ವನಿ. ವಾರಕ್ಕೊಂದು. ಹೊಸ ಆವೃತ್ತಿ ಬೇಡ, ಹಳೆಯದು ಸಾಕು. ಪುಣೆಯ ಅಪ್ಪಾ ಬಳವಂತ ಚೌಕ, ಮುಂಬಯಿಯ ಫ್ಲೋರಾ ಫೌಂಟನ್ ಮತ್ತು ಮಾಟುಂಗದ ಕಿಂಗ್ಸ್ ಸರ್ಕಲ್ ಪಾದಚಾರಿ ಮಾರ್ಗದ ಹಳೆ ಪುಸ್ತಕದವರ ಹತ್ತಿರ ಕೇಳಿನೋಡಿ.

ಓದಿದ ಅಧ್ಯಾಯವನ್ನು ಅದೇ ವಾರ ಕೈಯಿಂದ ಮಾಡಿನೋಡಬೇಕು. ಸಂಕಲನದ ವಾರ ಒಡೆಸ್ಸಾ ಮೆಟ್ಟಿಲಿನ ಭಾಗವನ್ನು ಸದ್ದಿಲ್ಲದೆ ಹಾಕಿ, ಪ್ರತಿ ಕಟ್‌ಗೆ ಪೆನ್ಸಿಲಿನಿಂದ ಒಂದು ಗೀಟು ಎಳೆಯಿರಿ, ಒಂದು ನಿಮಿಷಕ್ಕೆ ಎಷ್ಟು ಗೀಟು ಬಿತ್ತು ಬರೆಯಿರಿ. ಆಮೇಲೆ 'ಟೋಕಿಯೋ ಸ್ಟೋರಿ'ಯ ಯಾವುದಾದರೂ ಐದು ನಿಮಿಷಕ್ಕೆ ಅದನ್ನೇ ಮಾಡಿ. ಛಾಯಾಗ್ರಹಣದ ವಾರ 'ಸಿಟಿಜನ್ ಕೇನ್' (1941) ತೆಗೆದುಕೊಂಡು, ಹತ್ತಿರದ ಮುಖ ಮತ್ತು ದೂರದ ಮನುಷ್ಯ ಎರಡೂ ಸ್ಪಷ್ಟವಾಗಿರುವ ಚೌಕಟ್ಟುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಬೆಳಕಿನ ಪಾಠಕ್ಕೆ ವಿದೇಶಕ್ಕೇ ಹೋಗಬೇಕೆಂದಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೊಂಬಾಯಿಯಲ್ಲಿ ಗುರುದತ್ ಜೊತೆ ಕೆಲಸ ಮಾಡಿದ ವಿ.ಕೆ. ಮೂರ್ತಿಯವರ 'ಕಾಗಜ್ ಕೆ ಫೂಲ್' (1959) ಮನೆಯಲ್ಲೇ ಸಿಗುವ ಪಠ್ಯ.

ಸಂಭಾಷಣೆಯ ದೃಶ್ಯದಲ್ಲಿ ಇಬ್ಬರ ನಡುವೆ ಒಂದು ಕಾಣದ ಗೆರೆ ಎಳೆದು, ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಇರಬೇಕು ಎಂಬುದು ಹಾಲಿವುಡ್ ರೂಢಿ. ಒಜು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ. ಯಾರು ಎಲ್ಲಿ ಕೂತಿದ್ದಾರೆ, ಕ್ಯಾಮೆರಾ ಎಲ್ಲಿದೆ ಎಂದು ಒಂದು ದೃಶ್ಯಕ್ಕೆ ಮೇಲಿನಿಂದ ಕಂಡಂತೆ ನಕ್ಷೆ ಬರೆಯಿರಿ. ಎರಡನೇ ಕಟ್‌ಗೇ ಗೆರೆ ಮುರಿದಿರುವುದು ಸಿಕ್ಕಿಬೀಳಬಹುದು. ಒಜುವಿನ ಕ್ಯಾಮೆರಾ ಯಾಕೆ ಅಷ್ಟು ಕೆಳಗೆ ಎಂಬುದಕ್ಕೆ ಚಾಪೆಯ ಮೇಲೆ ಕೂತವನ ಕಣ್ಣಿನ ಮಟ್ಟ ಎಂಬ ಉತ್ತರ ಎಲ್ಲೆಡೆ ಸಿಗುತ್ತದೆ. ಆದರೆ ಕುರ್ಚಿ ಮೇಜಿನ ಆಫೀಸಿನಲ್ಲೂ ಬೀದಿಯಲ್ಲೂ ಅವನ ಕ್ಯಾಮೆರಾ ಕೆಳಗೇ ಇರುತ್ತದೆ. ಇಂಥ ತಯಾರು ಉತ್ತರಗಳನ್ನು ಮೊದಲೇ ಓದಿಕೊಂಡು ಹೋದರೆ ಕಣ್ಣು ಪರೀಕ್ಷೆ ಮಾಡುವುದನ್ನೇ ಬಿಡುತ್ತದೆ, ವಿಮರ್ಶೆ ಆಮೇಲೆ ಎನ್ನುವುದು ಅದಕ್ಕೆ. 'ಟೋಕಿಯೋ ಸ್ಟೋರಿ'ಗೆ ಮೊದಲೇ ಓದಬೇಕಾದದ್ದು ಬೇರೆ: 1947ರಲ್ಲಿ ತಿದ್ದಿದ ಜಪಾನಿನ ನಾಗರಿಕ ಸಂಹಿತೆ ಮನೆಯ ಯಜಮಾನನಿಗೆ ಕುಟುಂಬದ ಮೇಲೆ ಕಾನೂನು ಕೊಟ್ಟಿದ್ದ ಅಧಿಕಾರವನ್ನು ಕಿತ್ತುಹಾಕಿತು. ಆರು ವರ್ಷದ ಮೇಲೆ ಬಂದ ಚಿತ್ರದಲ್ಲಿ ಮಕ್ಕಳ ಮನೆಗೆ ಬಂದ ತಂದೆತಾಯಿಗೆ ಜಾಗವಿಲ್ಲ.

ಯಾವ ಪ್ರತಿ ನೋಡುತ್ತಿದ್ದೀರಿ?

ಓದಿನ ಕೊನೆಯ ಒಂದು ಪುಟ ಪ್ರತಿಯ ಬಗ್ಗೆ ಇರಲಿ, ಅವಧಿಯಿಂದ ಶುರುಮಾಡಿ. ಫ್ರಿಟ್ಜ್ ಲಾಂಗ್‌ನ 'ಮೆಟ್ರೊಪೊಲಿಸ್' (1927) ಸುಮಾರು 80 ನಿಮಿಷದ್ದೂ ಇದೆ, 120 ದಾಟಿದ್ದೂ ಇದೆ. ಕಳೆದುಹೋಗಿದ್ದ ಭಾಗಗಳು 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕ ಮೇಲೆ 2010ರಲ್ಲಿ ಬಂದದ್ದು ಎರಡೂವರೆ ಗಂಟೆಯ ಹತ್ತಿರ. ಚಿಕ್ಕದನ್ನು ನೋಡಿ ಕಥೆ ಗೊಂದಲವಾಗಿದೆ ಎಂದರೆ ತಪ್ಪು ನಿರ್ದೇಶಕನದಲ್ಲ. ಡ್ರೇಯರ್‌ನ ಜೋನ್ ಚಿತ್ರದ ಮೂಲ ಪ್ರತಿಯೂ 1981ರಲ್ಲಿ ಓಸ್ಲೊದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಸಿಕ್ಕಿತು, ಅದಕ್ಕಿಂತ ಹಳೆಯ ಪ್ರತಿಗಳಿಂದ ಬಂದ ವಿಡಿಯೋಗಳು ಈಗಲೂ ಓಡಾಡುತ್ತಿವೆ.

ಅವಧಿ ಶೇಕಡಾ 4ರಷ್ಟು ಕಡಿಮೆಯಿದ್ದರೆ ಗಾಬರಿ ಬೇಡ. ಹಳೆಯ ಯುರೋಪಿನ ಡಿವಿಡಿಗಳಲ್ಲಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುವುದರಿಂದ 136 ನಿಮಿಷದ 'ಟೋಕಿಯೋ ಸ್ಟೋರಿ' 130ಕ್ಕೆ ಇಳಿಯುತ್ತದೆ, ಕತ್ತರಿ ಬಿದ್ದಿರುವುದಿಲ್ಲ. ಮೂಕಿ ಚಿತ್ರಗಳ ವಿಷಯ ಬೇರೆ. 18ರ ವೇಗದಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ 90 ನಿಮಿಷದ ಚಿತ್ರ 68ಕ್ಕೆ ಮುಗಿಯುತ್ತದೆ, ಎಲ್ಲರೂ ಕುಣಿಯುತ್ತಾ ನಡೆದಂತೆ ಕಾಣುತ್ತಾರೆ. ಆ ನಗು ಆ ಕಾಲದ ನಟನೆಯದಲ್ಲ.

ಟಿವಿಯ ಸೆಟಿಂಗ್ ಎರಡು ನಿಮಿಷದ ಕೆಲಸ. 1950ರ ಮೊದಲಿನ ಹೆಚ್ಚಿನ ಟಾಕಿ ಚಿತ್ರಗಳ ಚೌಕಟ್ಟು (ಅಗಲಕ್ಕೆ ಎತ್ತರ) 1.37ಕ್ಕೆ 1, ಇಂದಿನ ಟಿವಿ 1.78ಕ್ಕೆ 1. ಪರದೆ ತುಂಬಲಿ ಎಂದು ಎಳೆದರೆ ಮುಖಗಳು ಶೇಕಡಾ 30ರಷ್ಟು ಅಗಲವಾಗುತ್ತವೆ, ಝೂಮ್ ಮಾಡಿದರೆ ತಲೆ ಕಾಲು ಹೋಗುತ್ತದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ ಎಂದೇ ಲೆಕ್ಕ. ಚಲನೆಯನ್ನು ನುಣ್ಣಗೆ ಮಾಡುವ ಸೌಲಭ್ಯವನ್ನೂ ಆಫ್ ಮಾಡಿ, ಅದು ಎಲ್ಲವನ್ನೂ ಧಾರಾವಾಹಿಯಂತೆ ಕಾಣಿಸುತ್ತದೆ.

ಸಬ್‌ಟೈಟಲಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೆಸರುಗಳಿಂದ. ಜಪಾನೀ, ಪೋಲಿಶ್ ಹೆಸರು ಪರದೆಯ ಮೇಲೆ ಬಂದು ಹೋಗುವಷ್ಟರಲ್ಲಿ ಯಾರು ಯಾರ ಮಗ ಎಂಬುದೇ ಗೊತ್ತಾಗುವುದಿಲ್ಲ. ಇಸವಿ ಬರೆದ ಚೀಟಿಯ ಹಿಂದೆ ಆರು ಮುಖ್ಯ ಹೆಸರು, ಸಂಬಂಧ, ಕನ್ನಡದಲ್ಲೇ ಬರೆದು ಗಟ್ಟಿಯಾಗಿ ಎರಡು ಸಲ ಓದಿಕೊಳ್ಳಿ.

ನೋಡಿದ ಮೇಲೆ

ಮರುದಿನದೊಳಗೆ ಒಂದು ಪುಟ ಬರೆಯಿರಿ. ಅಭಿಪ್ರಾಯ ಬೇಡ, ಕಂಡದ್ದು: ನೆನಪಿನಲ್ಲಿ ಉಳಿದ ಮೂರು ಚೌಕಟ್ಟು, ಅರ್ಥವಾಗದ ಎರಡು ವಿಷಯ, ಓದಿದ್ದು ಸುಳ್ಳಾದ ಒಂದು ಜಾಗ. ಆಮೇಲೆ ವಿಮರ್ಶೆ ತೆಗೆಯಿರಿ. ಇಟಲಿಯ ಗೊಂಚಲಿಗೆ ಸತ್ಯಜಿತ್ ರಾಯ್ ಅವರ 'ಅವರ್ ಫಿಲ್ಮ್ಸ್, ದೇರ್ ಫಿಲ್ಮ್ಸ್' (1976) ಪುಸ್ತಕದಲ್ಲಿ ಇಟಾಲಿಯನ್ ಚಿತ್ರಗಳ ಬಗ್ಗೆ ಇರುವ ಲೇಖನ ಮತ್ತು ಫ್ರೆಂಚ್ ವಿಮರ್ಶಕ ಆಂದ್ರೇ ಬಾಜಾನ್ 'ಬೈಸಿಕಲ್ ಥೀವ್ಸ್' ಬಗ್ಗೆ ಬರೆದ ಪ್ರಬಂಧ. ಎರಡೂ ಬರಹ ಆ ಚಿತ್ರ ಬಂದ ಕೆಲವೇ ವರ್ಷದಲ್ಲಿ ಬರೆದವು, ಇನ್ನೂ ಯಾರೂ ಅದನ್ನು ಗುಡಿಯಲ್ಲಿ ಕೂರಿಸಿರದ ಕಾಲದವು. ನಿಮ್ಮ ಪುಟದ ಜೊತೆ ಹೋಲಿಸಿ, ತಕರಾರು ಬಂದ ಕಡೆ ಚಿತ್ರದ ಆ ಹದಿನೈದು ನಿಮಿಷ ಮತ್ತೆ ಹಾಕಿ. ಇಡೀ ಚಿತ್ರ ಇನ್ನೊಮ್ಮೆ ನೋಡುವುದು ಆರು ತಿಂಗಳ ಮೇಲಾದರೂ ಸರಿ.

ಎಲ್ಲಿ ಓದಬಹುದು, ಎಲ್ಲಿ ನೋಡಬಹುದು

ಈ ವಿಷಯದಲ್ಲಿ ಪುಣೆಯವರು ಪುಣ್ಯವಂತರು. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಮತ್ತು ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ನಿಂತ ಫಿಲ್ಮ್ ಇನ್‌ಸ್ಟಿಟ್ಯೂಟ್ ಎರಡೂ ಲಾ ಕಾಲೇಜು ರಸ್ತೆಯಲ್ಲಿವೆ. ಕಾರ್ನಾಡರು ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು, ಕಾಸರವಳ್ಳಿ ಅಲ್ಲೇ ಕಲಿತವರು. ಸಂಗ್ರಹಾಲಯದ ಗ್ರಂಥಾಲಯ ಬಳಸುವ ನಿಯಮವನ್ನು ಮೊದಲೇ ವಿಚಾರಿಸಿಕೊಂಡು, ಗುರುತಿನ ಚೀಟಿ ಹಿಡಿದು ಹೋಗಿ. ಎರಡೂ ಸಂಸ್ಥೆಗಳು ಸೇರಿ ನಡೆಸುತ್ತ ಬಂದ ಬೇಸಿಗೆಯ ಚಿತ್ರ ರಸಗ್ರಹಣ ಶಿಬಿರದ ಪ್ರಕಟಣೆಯ ಮೇಲೂ ಕಣ್ಣಿಡಿ. ಮುಂಬಯಿಯಲ್ಲಿ 1968ರಿಂದ ಇರುವ ಪ್ರಭಾತ್ ಚಿತ್ರ ಮಂಡಳ ಎಂಬ ಫಿಲ್ಮ್ ಸೊಸೈಟಿ, ಮ್ಯಾಕ್ಸ್ ಮುಲ್ಲರ್ ಭವನ (ಜರ್ಮನ್ ಸಾಂಸ್ಕೃತಿಕ ಕೇಂದ್ರ), ಅಲಿಯಾನ್ಸ್ ಫ್ರಾನ್ಸೇಸ್ (ಫ್ರೆಂಚ್ ಸಾಂಸ್ಕೃತಿಕ ಕೇಂದ್ರ) ಇವೆ. ಮರಾಠಿ ಓದಬಲ್ಲ ಕನ್ನಡಿಗರು ಮರಾಠಿಯ ಸಿನಿಮಾ ಬರವಣಿಗೆಯನ್ನು ಬಿಡಬಾರದು, ಕನ್ನಡಕ್ಕಿಂತ ಅಲ್ಲಿ ಸಾಮಗ್ರಿ ಹೆಚ್ಚು.

ಗೋವೆಯವರಿಗೆ 2004ರಿಂದ ಸಾಮಾನ್ಯವಾಗಿ ನವೆಂಬರಿನಲ್ಲಿ ಪಣಜಿಗೆ ಬರುವ ಚಿತ್ರೋತ್ಸವವೇ ದೊಡ್ಡ ಪರೀಕ್ಷೆ. ದಿನಕ್ಕೆ ಐದು ಚಿತ್ರ ನೋಡುವವರು ಮೂರನೇ ದಿನ ಯಾವುದು ಯಾವುದೆಂದೇ ಮರೆಯುತ್ತಾರೆ. ವೇಳಾಪಟ್ಟಿ ಬಂದ ಕೂಡಲೇ ಹಳೆಯ ಚಿತ್ರಗಳ ವಿಭಾಗದಲ್ಲಿ ದಿನಕ್ಕೊಂದನ್ನು ಮಾತ್ರ ಗುರುತು ಮಾಡಿ. ಅಷ್ಟಕ್ಕೆ ಮಾತ್ರ ಚೀಟಿ ತಯಾರಿಸಿ. ಪಟ್ಟೊದ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯದಲ್ಲಿ ಅಕ್ಟೋಬರಿನಲ್ಲೇ ಕೂತು ದೇಶವಾರು ಇತಿಹಾಸದ ಪುಟಗಳನ್ನು ಮುಗಿಸಿಕೊಳ್ಳಬಹುದು.

ನಿಮ್ಮೂರಿನ ಕನ್ನಡ ಸಂಘದಲ್ಲಿ ಎಂಟು ಹತ್ತು ಜನ ಸೇರಿದರೆ ಓದನ್ನು ಹಂಚಿಕೊಳ್ಳಿ: ಒಬ್ಬರಿಗೆ ಇತಿಹಾಸ, ಒಬ್ಬರಿಗೆ ಮೂಲ ಕಥೆ, ಒಬ್ಬರಿಗೆ ಪ್ರತಿಯ ವಿಚಾರ. ಮೂವರೂ ಸೇರಿ ಕನ್ನಡದಲ್ಲಿ ಒಂದೇ ಪುಟ ಮಾಡಿ ಎರಡು ದಿನ ಮೊದಲು ವಾಟ್ಸಾಪಿನಲ್ಲಿ ಹಾಕಬೇಕು. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ಕನ್ನಡದಲ್ಲೇ ಜಗತ್ತಿನ ಸಿನಿಮಾ ಕಲಿಸಿದ ಮೇಲೆ ನಗರದ ಸಂಘಗಳು ಇಂಗ್ಲಿಷ್ ಟಿಪ್ಪಣಿ ಹಂಚಲು ಕಾರಣವೇ ಇಲ್ಲ. ಪ್ರದರ್ಶನಕ್ಕೆ ಮೊದಲು ಭಾಷಣ ಐದು ನಿಮಿಷ ದಾಟಬಾರದು, ಭಾಷಣಕಾರರಿಗೆ ಕಥೆಯ ಕೊನೆ ಹೇಳುವ ಚಟವಿದ್ದರೆ ಮಾತನ್ನು ಪ್ರದರ್ಶನದ ನಂತರಕ್ಕೆ ಇಡಿ. ಮನೆಯ ಹೊರಗೆ ಸಭಾಂಗಣದಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕಾಗುತ್ತದೆ. ಸ್ವಂತಕ್ಕೆಂದು ಕೊಂಡ ಡಿಸ್ಕ್ ಅಥವಾ ಒಟಿಟಿ ಚಂದಾ ಅದಕ್ಕೆ ಸಾಲದು. ಫ್ರೆಂಚ್, ಜರ್ಮನ್ ಚಿತ್ರಗಳಿಗೆ ಆಯಾ ದೇಶದ ಸಾಂಸ್ಕೃತಿಕ ಕೇಂದ್ರಕ್ಕೆ ಎರಡು ತಿಂಗಳು ಮೊದಲೇ ಪತ್ರ ಬರೆದು ಕೇಳಿ.